ಎಳ್ಳಮಾಸಿ ದಿವಸ ಹೊಲದಾಗ ಸ್ತೋತ್ರ ಕೂಟ: ಪ್ರಾರ್ಥನಾ, ಕಾಣಿಕೆ, 30 ಮಂದಿ ಊಟ ಹ್ಯಾಂಗ ಹೊಂದಿಸಬೇಕು?

ಕರಿಮಣ್ಣು_ಭಾಲ್ಕಿ ಕೇಳಿದ್ದು:

ಎಲ್ಲರಿಗೂ ವಂದನೆಗಳು. ಭಾಲ್ಕಿ ತಾಲ್ಲೂಕಿನ ಹಳ್ಳಿ, ಮನಿಯವರೆಲ್ಲ ಮೆಥೋಡಿಸ್ಟ್ ಸಭೆಯವರು. ನಾಲ್ಕು ಎಕರೆ ಸ್ವಂತದ್ದು, ಎರಡು ಎಕರೆ ಪಾಲಿಗೆ ಮಾಡಿದ್ದು. ಎಳ್ಳಮಾಸಿಗೆ (ಎಳ್ಳು ಅಮವಾಸ್ಯೆಗೆ) ಬೀದರ್, ಕಲಬುರಗಿ, ಹೈದರಾಬಾದ್‌ನಾಗ ಇರೋ ಅಣ್ಣತಮ್ಮರು, ಕೊಟ್ಟ ಹೆಣ್ಮಕ್ಕಳು ಎಲ್ಲಾ ಬರ್ತಾರ. ಊರಿಗೂರೇ ಬುತ್ತಿ ಕಟ್ಟಿಕೊಂಡು ಹೊಲಕ್ಕ ಹೋಗ್ತದ, ನಾವೂ ಹೋಗ್ತೀವಿ. ಬರೇ ಉಂಡು ಬರೋದಲ್ಲ, ಹೊಲದಾಗೇ ಒಂದು ಸ್ತೋತ್ರ ಕೂಟ ಆಗಲಿ ಅಂತ ಈ ಸಲ ಹಿರಿಯರ ಇಚ್ಛಾ ಅದ. ಒಟ್ಟು 30 ಮಂದಿ. ಅದರಾಗ ಎಂಟು ಹತ್ತು ಮಂದಿ ಪಕ್ಕದ ಹೊಲದವರು, ಲಿಂಗಾಯತರೂ ಇದ್ದಾರ, ಮುಸ್ಲಿಮರೂ ಇದ್ದಾರ.

ಪ್ರಾರ್ಥನಾ ಎಷ್ಟು ಹೊತ್ತು ಇಟ್ಟರ ಸರಿ, ಯಾವ ವಚನ ಓದಬೇಕು? ಪ್ರಥಮ ಫಲ (ಬೆಳಿಯಾಗ ಮೊದಲು ತೆಗೆದ ಕಾಣಿಕೆ) ಅಂತ ಸಭೆಗೆ ಏನು ಒಯ್ಯಬೇಕು? ತೊಗರಿ ರಾಶಿನೇ ಆಗಿಲ್ಲ, ಮನಿಯಾಗ ಹೆಸರು, ಉದ್ದು, ಸೋಯಾ ಅದಾವ. ಚರಗದ (ಹೊಲದಾಗ ಬುತ್ತಿ ಚೆಲ್ಲೋ ಆಚಾರದ) ಬಗ್ಗೆ ನಮ್ಮಲ್ಲೇ ಎರಡು ಮಾತು ಅದಾವ, ಒಬ್ಬರು ಬ್ಯಾಡ ಅಂತಾರ, ಇನ್ನೊಬ್ಬರು ಅದರಾಗೇನದ ಅಂತಾರ. ಇನ್ನೊಂದು, ತಗ್ಗಿನ ಮಡಿಯಾಗ ನೀರು ನಿಂತು ತೊಗರಿ ಅರ್ಧಕ್ಕರ್ಧ ಒಣಗಿ ಹೋಗ್ಯಾದ. ಅದನ್ನ ಕಣ್ಣ ಮುಂದ ಇಟ್ಟುಕೊಂಡು ಸ್ತೋತ್ರ ಹೇಳೋದು ಹ್ಯಾಂಗಂತ ಹುಡುಗರು ಕೇಳ್ತಾರ, ಅವರಿಗೆ ಏನು ಹೇಳಬೇಕು ತಿಳೀವಲ್ದು. ಕಡೀದು, 30 ಮಂದಿಗೆ ಭಜ್ಜಿ (ಹಸಿ ಕಾಳು, ತಪ್ಪಲ ಕೂಡಿಸಿ ಕುದಿಸಿದ ಪಲ್ಯ), ರೊಟ್ಟಿ ಅಳತಿ ಬೇಕು.

---

ಬೀದರ್_ಭಜನಮೇಳ:

ವಂದನೆ ತಮ್ಮಾ. ಮೊದಲು ದಿವಸದ ಮಾತು. ಎಳ್ಳಮಾಸಿ ಒಂದೇ ತಾರೀಖಿಗೆ ಬರೋದಲ್ಲ. 2024ರಾಗ ಡಿಸೆಂಬರ್ 30ಕ್ಕ ಇತ್ತು, 2025ರಾಗ ಡಿಸೆಂಬರ್ 19ಕ್ಕ. ಕ್ರಿಸ್ಮಸ್‌ಗೆ ಮುಂಚೆ ಬಂದ ವರ್ಷ ಸಭಾಪಾಲಕರು ಸಂಜೀಕ ಒಂದೂರು ರಾತ್ರಿಗೊಂದೂರು ಕ್ಯಾರೊಲ್ ಹಿಂದ ಇರ್ತಾರ, ಅವರಿಗೆ ಕಾಯಬ್ಯಾಡ್ರಿ. ಬಂದರೆ ಒಳ್ಳೇದು, ಬರದಿದ್ದರೂ ಮನಿಯವರೇ ನಡೆಸೋ ಹಂಗ ಕ್ರಮ ಬರೆದಿಟ್ಟುಕೊಳ್ರಿ. ಪಟ್ಟಣದಾಗಿನವರು ಇದನ್ನ ನವೆಂಬರ್‌ನಾಗ ಮುಗಿಸೋಣ ಅಂತ ಜಗ್ಗಬಹುದು. ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಅನ್ನೋದು ಅಮೆರಿಕದ ಸರ್ಕಾರಿ ರಜಾ, 1941ರ ಕಾನೂನಿನಿಂದ ಗಟ್ಟಿಯಾದದ್ದು. ಆ ಹೊತ್ತಿನಾಗ ನಮ್ಮ ತೊಗರಿ ಇನ್ನೂ ಹೂವು-ಕಾಯಿ ನಡುವ ಇರ್ತದ. ಮಂಗಳೂರು ಕಡೆ ಕಥೋಲಿಕರು ಸೆಪ್ಟೆಂಬರ್ 8ಕ್ಕ ಹೊಸ ತೆನಿ ಆಶೀರ್ವಾದ ಮಾಡಿಸ್ತಾರ, ಯಾಕಂದರ ಅಲ್ಲಿ ಭತ್ತ ಆಗ ಬರ್ತದ. ಅವರವರ ಹೊಲ ನೋಡಿ ಅವರವರ ಹಬ್ಬ. ನಮ್ಮ ಕಡಿಗೆ ಎಳ್ಳಮಾಸಿ ಹೊತ್ತಿನಾಗ ಮುಂಗಾರಿ ಕಾಳು ಮನಿಯಾಗ, ತೊಗರಿ ಕೊಯ್ಲಿಗೆ, ಹಿಂಗಾರಿ ಜೋಳ-ಕಡಲಿ ಹಸಿರು. ಬಂದದ್ದಕ್ಕ ಸ್ತೋತ್ರ, ಬರೋದಕ್ಕ ಬೇಡಿಕೆ, ಎರಡೂ ಒಂದೇ ಕೂಟದಾಗ ಆಗ್ತಾವ.

ಹೊತ್ತು: 25 ನಿಮಿಷ ಸಾಕು. ಬಿಸಿಲು ಇರ್ತದ, ಸಣ್ಣ ಮಕ್ಕಳು ಹಸಿದಿರ್ತಾವ, ಭಜ್ಜಿ ಆರ್ತದ. ಹನ್ನೊಂದೂವರೆಗೆ ಶುರು ಮಾಡಿ ಹನ್ನೆರಡಕ್ಕ ತಾಟು ಹಾಕ್ರಿ. ಪ್ರಸಂಗ ಬ್ಯಾಡ. ಹೊಲದಾಗ ಮೈಕು ಸ್ಪೀಕರ್ ಅಂತೂ ಬ್ಯಾಡವೇ ಬ್ಯಾಡ, ಪಕ್ಕದ ಹೊಲದಾಗ ಅವರ ಪೂಜಾ ನಡೆದಿರ್ತದ. ದಪ್ಪು, ತಾಳ ಸಾಕು.

ಎಲ್ಲರಿಗೂ ಬಾಯಿಪಾಠ ಇರೋ ಎರಡು ಹಾಡು ಹಾಡಿ ಶುರು ಮಾಡ್ರಿ. ಪುಸ್ತಕ ನೋಡಿ ಹಾಡೋ ಹಾಡು ಹೊಲದಾಗ ಎರಡನೇ ಚರಣಕ್ಕೇ ಸತ್ತುಹೋಗ್ತದ. ಆಮೇಲೆ ಕೀರ್ತನೆ 65, 9ರಿಂದ 13ನೇ ವಚನದ ತನಕ, ಶಾಲಿಗೆ ಹೋಗೋ ಹುಡುಗಿ ಒಬ್ಬಾಕಿ ಓದಲಿ. ಭೂಮಿಗೆ ನೀರುಣಿಸಿ ಪೈರು ಬೆಳೆಸ್ತೀ ಅನ್ನೋ ಮಾತು ಅಲ್ಲೇ ಅದ, ಪಕ್ಕದ ಹೊಲದವರಿಗೂ ಬಿಡಿಸಿ ಹೇಳೋದು ಬೇಕಾಗೋದಿಲ್ಲ. ಅದಾದ ಮ್ಯಾಲ ಧರ್ಮೋಪದೇಶಕಾಂಡ 26, 1ರಿಂದ 11. ಇದನ್ನ ಮನಿ ಹಿರಿಯರೇ ಓದಬೇಕು. ಅಲ್ಲಿ ಪುಟ್ಟಿ ಹಿಡಿದು ನಿಂತವನು ಮೊದಲು ಬೆಳಿ ಬಗ್ಗೆ ಮಾತಾಡೋದಿಲ್ಲ, ತನ್ನ ಹಿರಿಯರು ಅಲೆಮಾರಿಗಳಾಗಿದ್ದದ್ದು, ಐಗುಪ್ತದಾಗ ದುಡಿದದ್ದು, ಬಿಡುಗಡೆ ಆದದ್ದು, ಭೂಮಿ ಸಿಕ್ಕದ್ದು ಹೇಳ್ತಾನ. ಹಂಗೇ ನಿಮ್ಮಲ್ಲೂ ಓದಿದ ಮ್ಯಾಲ ಅಜ್ಜ ಆಗಲಿ ಅಜ್ಜಿ ಆಗಲಿ ಎರಡು ನಿಮಿಷ ಹೇಳಲಿ: ಈ ಹೊಲ ಯಾವಾಗ ಬಂತು, ಬಾವಿ ಯಾರು ತೋಡಿದರು, ಬರ ಬಿದ್ದಾಗ ಯಾರ ಮನಿಯಿಂದ ಜೋಳ ತಂದು ಉಂಡರು. ಕೊಟ್ಟವರ ಮನಿಯವರು ಅಲ್ಲೇ ಕುಂತಿದ್ದರ ಹೆಸರು ಹಿಡಿದೇ ಹೇಳ್ರಿ.

ಆಮೇಲೆ ಸ್ತೋತ್ರದ ಸುತ್ತು. ಇಲ್ಲೇ ಕೂಟ ಕೆಡೋದು. ಒಬ್ಬರು ಸಾಕ್ಷಿ ಹೇಳಲಿಕ್ಕೆ ನಿಂತರ ಹದಿನೈದು ನಿಮಿಷ, ಇನ್ನೊಬ್ಬರು "ದೇವರು ಒಳ್ಳೇದು ಮಾಡ್ಯಾನ" ಅಂತ ಕುಂತುಬಿಡ್ತಾರ, ಎರಡರಿಂದಲೂ ಏನೂ ಹುಟ್ಟೋದಿಲ್ಲ. ಅದಕ್ಕ ಒಂದು ಉಪಾಯ: ನಡುವ ಒಂದು ಖಾಲಿ ಪುಟ್ಟಿ, ಪಕ್ಕಕ್ಕ ಒಂದು ಚೀಲದಾಗ ಹೆಸರು ಇಡ್ರಿ. ಹೇಳೋರು ಒಂದು ಹಿಡಿ ಕಾಳು ಮುಷ್ಟಿಯಾಗ ತಗೊಂಡು ಪುಟ್ಟಿ ಮ್ಯಾಲ ಕೈ ಚಾಚಿ ಒಂದೇ ವಾಕ್ಯ ಹೇಳಬೇಕು, ಹೇಳಿ ಕಾಳು ಬಿಡಬೇಕು. ಚಾಚಿದ ಕೈ ನೋಯ್ತದ, ಮಾತು ತಾನಾಗಿ ಮೊಟಕಾಗ್ತದ. ವಾಕ್ಯದಾಗ ಒಂದು ಹೆಸರಾಗಲಿ ವಸ್ತುವಾಗಲಿ ಇರಲೇಬೇಕು: "ಆಗಸ್ಟಿನಾಗ ಎತ್ತಿಗೆ ಜಡ್ಡಾದಾಗ ಕಾಕಾ ತಮ್ಮ ಎತ್ತು ಕೊಟ್ಟರು, ಅದಕ್ಕ ಸ್ತೋತ್ರ." ಇಷ್ಟು. ಪಕ್ಕದ ಹೊಲದವರಿಗೂ ಇಷ್ಟ ಇದ್ದರ ಒಂದು ಹಿಡಿ ಹಾಕಲಿ, ಒತ್ತಾಯ ಬ್ಯಾಡ. 30 ಮಂದಿ ಹಾಕಿದರ ಒಂದೂವರೆ ಕಿಲೋ ಆಸುಪಾಸು ಕೂಡ್ತದ, ಅದೇ ನಿಮ್ಮ ಕಾಣಿಕೆ ಪುಟ್ಟಿಯ ತಳ.

ಒಣಗಿದ ಮಡಿ ಬಗ್ಗೆ. ಹುಡುಗರು ಕೇಳಿದ್ದು ಸರಿ ಅದ, ಅವರನ್ನ ಗದರಿಸಬ್ಯಾಡ್ರಿ. ಎರಡು ತಪ್ಪು ಆಗ್ತಾವ. ಒಂದು, ಅದನ್ನ ನೋಡಲಾರದಂಗ ಚಲೋ ತೊಗರಿ ಇರೋ ಕಡಿಗೆ ಜಮಖಾನಿ ಹಾಸೋದು. ಇನ್ನೊಂದು, "ದೇವರು ನಮ್ಮನ್ನ ಪರೀಕ್ಷಾ ಮಾಡ್ಯಾನ" ಅಂತ ಒಣಗಿದ್ದಕ್ಕೂ ಅರ್ಥ ಹಚ್ಚೋದು. ತೊಗರಿ ಒಣಗಿದ್ದು ನೀರು ನಿಂತು ಬೇರಿಗೆ ಗಾಳಿ ಸಿಗದೆ, ಅದರ ಮ್ಯಾಲ ಬೂಸ್ಟು ರೋಗ ಬಿದ್ದು. ಕಾರಣ ಕಣ್ಣಿಗೆ ಕಾಣೋ ಹಂಗ ಅದ. ಬೇಡಿಕೆ ಪ್ರಾರ್ಥನಾ ಹೊತ್ತಿಗೆ ಎಲ್ಲರೂ ಎದ್ದು ಆ ಮಡಿ ಬದುವಿಗೆ ಹೋಗಿ ನಿಲ್ರಿ. ಹಬಕ್ಕೂಕ 3, ವಚನ 17 ಮತ್ತು 18 ಓದ್ರಿ. ಅಂಜೂರ ಚಿಗುರಲಿಲ್ಲ, ಹೊಲ ಆಹಾರ ಕೊಡಲಿಲ್ಲ, ಹಟ್ಟಿಯಾಗ ದನ ಇಲ್ಲ ಅಂತ ಒಂದೊಂದಾಗಿ ಎಣಿಸಿಯೇ ಪ್ರವಾದಿ "ಆದರೂ" ಅಂತಾನ. ಎಣಿಸಲಾರದೆ "ಆದರೂ" ಅನ್ನಲಿಕ್ಕೆ ಬರೋದಿಲ್ಲ. ಅಲ್ಲೇ ಸೊಸೈಟಿ ಸಾಲ, ಮುಂದಿನ ಬೀಜ, ಆ ಮಡಿಗೆ ಬಸಿಗಾಲುವೆ, ಇವನ್ನ ಬಿಚ್ಚಿ ಹೇಳಿ ಬೇಡಿಕೊಳ್ರಿ. ಕರ್ತನ ಪ್ರಾರ್ಥನಾ ಹೇಳಿ ಊಟಕ್ಕ ತಿರುಗ್ರಿ.

ಪಕ್ಕದವರನ್ನ ಕರೆದದ್ದು ಚಲೋ ಆತು. ಧರ್ಮೋಪದೇಶಕಾಂಡದ ಅದೇ 26ನೇ ಅಧ್ಯಾಯದ 11ನೇ ವಚನ ಲೇವಿಯರ (ದೇವಾಲಯದ ಸೇವೆಯವರ) ಜೋಡಿ ಪರದೇಶದವರೂ ಕೂಡಿ ಸಂತೋಷಪಡಲಿ ಅಂತ ಹೇಳ್ತದ. ಒಂದೇ ಎಚ್ಚರಿಕಿ: ಕರೆದು ಕುಂದ್ರಿಸಿ ಅವರ ಪೂಜಾ ಬಗ್ಗೆ ಕುಟುಕು ಮಾತು ಪ್ರಾರ್ಥನಾದಾಗ ಬರಬಾರದು. ಅತಿಥಿಗೆ ತಿರುಗಿ ಮಾತಾಡಲಿಕ್ಕೆ ಬರದ ಜಾಗ ಅದು.

---

ಅಡಗಿಮನಿ_ಹುಮನಾಬಾದ್:

ಊಟದ್ದು ನಾ ಹೇಳ್ತೀನ್ರಿ. 30 ಮಂದಿಗೆ ಭಜ್ಜಿ ಅಂದರ ಹತ್ತು-ಹನ್ನೆರಡು ಕಿಲೋ ತಯಾರಾಗಬೇಕು, ಮನಿಗೆ ಒಯ್ಯಲಿಕ್ಕೆ ಡಬ್ಬಿ ಹಿಡಿಯೋರು ಇರ್ತಾರ.

ಸುಲಿದ ಹಸಿ ತೊಗರಿಕಾಳು 1 ಕಿಲೋ, ಹಸಿ ಕಡಲಿಕಾಳು ಅರ್ಧ ಕಿಲೋ, ವಟಾಣಿ ಅರ್ಧ, ಅವರಿಕಾಳು ಅರ್ಧ, ಹಸಿ ಶೇಂಗಾ ಸಿಕ್ಕರ ಅರ್ಧ. ಒಂದು ಕಿಲೋ ತೊಗರಿಕಾಳಿಗೆ ಎರಡೂವರೆ ಕಿಲೋ ಕಾಯಿ ಸುಲೀಬೇಕಾಗ್ತದ, ಹಿಂದಿನ ಸಂಜೀಕ ಎಲ್ಲರನ್ನೂ ಕುಂದ್ರಿಸಿ ಸುಲಿಸ್ರಿ. ಬದನಿಕಾಯಿ 1 ಕಿಲೋ, ಗಜ್ಜರಿ 1 ಕಿಲೋ, ಮೆಂತೆ 4 ಸೂಡು, ಪಾಲಕ 6 ಸೂಡು, ಉಳ್ಳಾಗಡ್ಡಿ ತಪ್ಪಲ 4 ಸೂಡು, ಕುಡಿ ಕಡಲಿ ಪಲ್ಯ ಒಂದೆರಡು ಬೊಗಸಿ. ಕಡಲಿ ಹಿಟ್ಟು 400 ಗ್ರಾಂ, ಹುಣಸಿಹಣ್ಣು 150 ಗ್ರಾಂ, ಹಸಿಮೆಣಸಿನಕಾಯಿ 200, ಬಳ್ಳೊಳ್ಳಿ 150, ಹುರಿದು ಕುಟ್ಟಿದ ಎಳ್ಳು 100, ಶೇಂಗಾ ಎಣ್ಣಿ 300 ಎಂಎಲ್. ಉಪ್ಪು 100 ಗ್ರಾಂದಿಂದ ಶುರು ಮಾಡಿ ಕಡೀಕ ನೋಡಿ ಹಾಕ್ರಿ.

ಆರು ಲೀಟರ್ ನೀರು ಕುದಿಸಿ ಮೊದಲು ಬರೇ ಕಾಳು, 20-25 ನಿಮಿಷ. ಒಂದು ತೊಗರಿಕಾಳು ಬಟ್ಟಿನ ನಡುವ ಹಿಚುಕಿದರ ಸಿಪ್ಪಿ ಜಾರಿ ಒಳಗಿನದು ಹಿಟ್ಟಾಗಬೇಕು, ಆಗ ಗಜ್ಜರಿ, ಬದನಿಕಾಯಿ ಹಾಕ್ರಿ. ತಪ್ಪಲ ಎಲ್ಲಕ್ಕಿಂತ ಕಡೀಕ. ಹುಣಸಿಹುಳಿ ಯಾವ ಕಾರಣಕ್ಕೂ ಕಾಳು ಬೇಯೋದಕ್ಕಿಂತ ಮುಂಚೆ ಹಾಕಬ್ಯಾಡ್ರಿ. ಹುಳಿ ಬಿದ್ದರ ಸಿಪ್ಪಿ ಬಿಗಿದುಕೊಳ್ತದ, ಆಮೇಲೆ ತಾಸುಗಟ್ಟಲೆ ಕುದಿಸಿದರೂ ಕಾಳು ಮೆತ್ತಗಾಗೋದಿಲ್ಲ. ಎಳ್ಳಮಾಸಿ ಭಜ್ಜಿ "ಕಾಳು ನೆಟ್ಟಗ ಇಲ್ಲ" ಅಂತ ಬೈಸಿಕೊಳ್ಳೋದು ಬಹಳ ಸಲ ಇದಕ್ಕೇ, ಕಾಳಿನದೇನೂ ತಪ್ಪಿರೋದಿಲ್ಲ.

ಕಡಲಿ ಹಿಟ್ಟು ಒಂದು ಲೀಟರ್ ತಣ್ಣೀರಿನಾಗ ಗಂಟಿಲ್ಲದಂಗ ಕಲಸಿ, ಒಲಿ ಸಣ್ಣ ಮಾಡಿ, ಒಬ್ಬರು ಸಣ್ಣ ಧಾರಿ ಬಿಡಬೇಕು, ಇನ್ನೊಬ್ಬರು ತಳ ಮುಟ್ಟಿ ತಿರುವಬೇಕು. ಬಿಸಿ ನೀರಿನಾಗ ಕಲಸಿದರ ಗಂಟೇ ಗಂಟು. ಹಿಟ್ಟು ಬಿದ್ದ ಮ್ಯಾಲ ಇನ್ನೂ 12-15 ನಿಮಿಷ ಕುದೀಬೇಕು, ಇಲ್ಲಂದರ ಹಸಿ ಹಿಟ್ಟಿನ ವಾಸನಿ ಉಳೀತದ. ಕುದ್ದಂಗ ಗಟ್ಟಿ ಆಗ್ತದ, ಆರಿದಂಗ ಇನ್ನೂ ಗಟ್ಟಿ ಆಗ್ತದ, ಅದಕ್ಕ ಇಳಿಸುವಾಗ ನಿಮಗ ಬೇಕಾದದ್ದಕ್ಕಿಂತ ಒಂದು ಪಾವು ತೆಳ್ಳಗೇ ಇರಲಿ. ತಳ ಹತ್ತಿದರ ಕೆದರಬ್ಯಾಡ್ರಿ, ಮ್ಯಾಲಿಂದು ಬೇರೆ ಭಾಂಡೇಕ್ಕ ಸುರೀರಿ, ಕೆದರಿದ ಕೂಡಲೇ ಸುಟ್ಟ ವಾಸನಿ ಪೂರಾ ಏರ್ತದ. ಒಗ್ಗರಣಿ, ಎಳ್ಳು ಕಡೀಕ.

ಮನಿಯಾಗ ಮಾಡಿ ಒಯ್ಯೋದಾದರ ಬಿಸಿ ಇದ್ದಾಗ ಬಿಗಿ ಮುಚ್ಚಳ ಹಾಕಬ್ಯಾಡ್ರಿ, ತೆಳು ಬಟ್ಟಿ ಕಟ್ರಿ. ಬೆಳಿಗ್ಗೆ ಎಂಟಕ್ಕ ಇಳಿಸಿದ್ದು ಹನ್ನೆರಡರ ತನಕ ನಡೀತದ. ನಾಲ್ಕು ತಾಸು ದಾಟಿದರ ಕಾಳಿನ ಪದಾರ್ಥ ಹುಳಿ ಬರ್ತದ, ತಡ ಆಗೋದಿದ್ದರ ಹುಳಿ ಬರೋ ಮುಂಚೆಯೇ ಮತ್ತ ಕುದಿಸಿ ಬಡಸ್ರಿ. ಹುಣಸಿಹುಳಿ ಬಿದ್ದ ಭಜ್ಜಿ ಅಲ್ಯುಮಿನಿಯಂ ಭಾಂಡೇದಾಗ ಇಟ್ಟುಬಿಡಬಾರದು, ಸ್ಟೀಲ್ ಬಕೀಟ್ ಚಲೋ.

ರೊಟ್ಟಿ: ತಲಿಗೆ ಮೂರು ಹಿಡಿದರ 90. ಒಂದು ಕಿಲೋ ಹಿಟ್ಟಿಗೆ 12-13 ರೊಟ್ಟಿ ಬರ್ತಾವ, ಅಂದರ 7 ಕಿಲೋ ಹಿಟ್ಟು. 4 ಕಿಲೋ ಸಜ್ಜಿ, 3 ಕಿಲೋ ಜೋಳ ಮಾಡ್ರಿ. ಎಳ್ಳು ಹಚ್ಚಿದ ಸಜ್ಜಿ ಕಟಕ ರೊಟ್ಟಿ ಎರಡು ದಿವಸ ಮುಂಚೆ ಮಾಡಿಟ್ಟರೂ ನಡೀತದ, ಜೋಳದ ಮೆತ್ತನ ರೊಟ್ಟಿ ಅವತ್ತೇ ಬೆಳಿಗ್ಗೆ. ಸಜ್ಜಿ ಹಿಟ್ಟು ಮಾತ್ರ ಹಬ್ಬದ ಎರಡು ದಿವಸ ಮುಂಚೆಯೇ ಗಿರಣಿಗೆ ಹಾಕಿಸ್ರಿ, ಅದಕ್ಕಿಂತ ಮೊದಲು ಬ್ಯಾಡ. ಸಜ್ಜಿಯಾಗ ಎಣ್ಣಿ ಅಂಶ ಜಾಸ್ತಿ, ಬೀಸಿ ಇಟ್ಟ ಹಿಟ್ಟು ಬೇಗ ಕಮಟಾಗಿ ಕಹಿ ಹತ್ತತದ. ಹಳೇ ಹಿಟ್ಟಿನ ರೊಟ್ಟಿ ಬಡಿಯೋ ಮುಂದ ಅಂಚೂ ಸೀಳತಾವ. ಕುದಿಯೋ ನೀರು ಹಾಕಿ ನಾದ್ರಿ, ಸಜ್ಜಿಗೂ ಜೋಳಕ್ಕೂ ಗೋಧಿ ಹಂಗ ಜಿಗುಟು ಇಲ್ಲ, ಬಿಸಿನೀರಿನಿಂದಲೇ ಅದಕ್ಕ ಹಿಡಿತ ಬರೋದು.

ಅಂಬಲಿ ಆರು ಲೀಟರ್ ಬೇಕು. ಜೋಳದ ಹಿಟ್ಟು 600 ಗ್ರಾಂ ನಾಲ್ಕು ಲೀಟರ್ ನೀರಿನಾಗ ಕುದಿಸಿ, ಪೂರಾ ಆರಿದ ಮ್ಯಾಲ ಎರಡೂವರೆ ಲೀಟರ್ ಮಜ್ಜಿಗಿ. ಬಿಸಿ ಇದ್ದಾಗ ಮಜ್ಜಿಗಿ ಹಾಕಿದರ ಒಡೀತದ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಾಲ್ ಕಾಲ್ ಕಿಲೋ. ಶೇಂಗಾ ಹೋಳಿಗಿ ತಲಿಗೆ ಒಂದೂವರೆ. ಕುಡಿಯಲಿಕ್ಕೆ ಕೈ ತೊಳೀಲಿಕ್ಕೆ ಸೇರಿ 20 ಲೀಟರಿನ ಐದು ಕ್ಯಾನ್ ನೀರು, ಇದನ್ನ ಎಲ್ಲರೂ ಮರೀತಾರ.

ಹೊಲದಾಗೇ ಒಲಿ ಹೂಡೋದಾದರ ತೊಗರಿ ಕೊಯ್ದು ಒಟ್ಟಿದ ಬಣವಿಯಿಂದ ಮೂವತ್ತು ನಲವತ್ತು ಹೆಜ್ಜಿ ದೂರ, ಗಾಳಿ ಬಣವಿ ಕಡಿಂದ ಒಲಿ ಕಡಿಗೆ ಬೀಸೋ ಹಂಗ ಜಾಗ ನೋಡ್ರಿ. ಒಣ ತೊಗರಿ ಕಟ್ಟಿಗಿಗೆ ಒಂದು ಕಿಡಿ ಸಾಕು.

---

ಕರಿಮಣ್ಣು_ಭಾಲ್ಕಿ:

ಅಕ್ಕಾ, ಅಳತಿ ಬರಕೊಂಡೆ. ಅಣ್ಣಾರ ಪುಟ್ಟಿ ಉಪಾಯ ಹಿರಿಯರಿಗೆ ಹಿಡಿಸ್ತು. ಚರಗದ ಮಾತು ಮತ್ತ ಪ್ರಥಮ ಫಲದ ತೂಕ ಯಾರಾದರೂ ಹೇಳ್ರಿ. ದಶಮಾಂಶ (ಹತ್ತರಾಗ ಒಂದು ಪಾಲು) ಬೇರೆ, ಇದು ಬೇರೆಯಾ?

---

ಸೇಡಂ_ತೊಗರಿ:

ಬೇರೆ ಬೇರೆ. ದಶಮಾಂಶ ಲೆಕ್ಕದ್ದು, ಬೆಳಿ ಮಾರಿ ರೊಕ್ಕ ಬಂದ ಮ್ಯಾಲ ಕೂತು ಹಾಕೋದು. ಪ್ರಥಮ ಫಲಕ್ಕ ಧರ್ಮೋಪದೇಶಕಾಂಡ 26ರಾಗ ತೂಕ ಹೇಳಿಲ್ಲ, ಪುಟ್ಟಿ ಅಂತ ಅದ ಅಷ್ಟೇ. ಹಂಗಾಗಿ ಕ್ವಿಂಟಲ್‌ಗೆ ಎಷ್ಟು ಅಂತ ಕೇಳೋರಿಗೆ ಉತ್ತರ: ಒಬ್ಬ ಮನುಷ್ಯಾ ಎತ್ತಿ ಒಯ್ಯೋ ಒಂದು ಪುಟ್ಟಿ, ಆದರ ಮಾರೋದಕ್ಕಿಂತ ಮುಂಚೆ, ಮತ್ತ ಉಳಿದದ್ದರಾಗ ಆರಿಸಿದ್ದಲ್ಲ, ಮೊದಲು ತೆಗೆದದ್ದು. ಅಡತಿ ಅಂಗಡಿಯವರು ಬ್ಯಾಡಂದ ಕಾಳು ಸಭೆಗೆ ಒಯ್ಯೋದು ಎಲ್ಲಾ ಕಡೆ ನಡೀತದ, ಕಾಣಿಕೆ ಚೀಲ ಬಿಚ್ಚಿದವರಿಗೆ ಅದು ಮೊದಲ ಹಿಡಿಗೇ ಗೊತ್ತಾಗ್ತದ.

ನಿಮ್ಮ ದಿವಸಕ್ಕ ತೊಗರಿ ರಾಶಿ ಆಗಿರೋದಿಲ್ಲ. ಅದಕ್ಕ ಎರಡು ಸಲ ಮಾಡ್ರಿ. ಎಳ್ಳಮಾಸಿಗೆ ಮುಂಗಾರಿ ಹೆಸರು, ಉದ್ದು, ಸೋಯಾ ತಲಾ ಐದು ಕಿಲೋ, ಮ್ಯಾಲ ಹಸಿ ತೊಗರಿ-ಕಡಲಿ ಗಿಡ ಒಂದೊಂದು ಸೂಡು, ನೋಡಲಿಕ್ಕೂ ಚಂದ. ತೊಗರಿ ಪುಟ್ಟಿ ಜನವರಿಯಾಗ, ರಾಶಿ ಆದ ಮುಂದಿನ ಭಾನುವಾರ. ಪಾಲಿನ ಎರಡು ಎಕರೆದ್ದು ಕಣದಾಗ ಪಾಲು ಆದ ಮ್ಯಾಲ ನಿಮ್ಮ ಭಾಗದಾಗಿಂದೇ ತೆಗೀರಿ. ಪಾಲು ಆಗೋದಕ್ಕಿಂತ ಮುಂಚೆ ತೆಗೆದರ ಹೊಲದ ಮಾಲಕರ ಕಾಳೂ ಹೋದಂಗ ಆಗ್ತದ, ಅವರ ಹಂಗಿನಾಗ ನೀವು ಸ್ತೋತ್ರ ಮಾಡಿದಂಗ.

ತೊಗರಿ ಕಾಯಿ ನಾಲ್ಕರಾಗ ಮೂರು ಪಾಲು ಕಂದಾದಾಗ ಕೊಯ್ದು, ಐದಾರು ದಿವಸ ಒಣಗಿಸಿ ಮಷೀನ್ ಹಾಕಿಸ್ತಾರ. ಅದಾದ ಮ್ಯಾಲೂ ಕಾಳು ಎರಡು ಮೂರು ಬಿಸಿಲು ಕಾಣಬೇಕು. ಒಂದು ಕಾಳು ಹಲ್ಲಿನಾಗ ಇಟ್ಟು ಕಡೀರಿ: ಕಟ್ ಅಂತ ಎರಡಾದರ ಒಣಗ್ಯಾದ, ಹಲ್ಲು ಹುಗಿದು ಚಪ್ಪಟಿ ಆದರ ಇನ್ನೂ ಹಸಿ. ಹಸಿ ಕಾಳು ಚೀಲಕ್ಕ ತುಂಬಿ ದೇವಾಲಯದ ಮೂಲ್ಯಾಗ ಇಟ್ಟರ ಒಂದು ತಿಂಗಳಿನಾಗ ಬೂಸ್ಟು ಹಿಡೀತದ. ಕಾಳಿನ ಮ್ಯಾಲ ಎಳ್ಳಿನಕಿಂತ ಸಣ್ಣ ಬಿಳಿ ಚುಕ್ಕಿ ಅಂಟಿದ್ದು ಕಂಡರ ಅವು ನುಸಿ ಹುಳದ ತತ್ತಿ, ಈ ಹುಳ ಬಹಳ ಸಲ ಹೊಲದಾಗಿಂದಲೇ ಕಾಳಿನ ಜೋಡಿ ಬಂದಿರ್ತದ. ಅಂಥಾ ಚೀಲ ಬೇರೆ ಚೀಲದ ಜೋಡಿ ಇಡಬ್ಯಾಡ್ರಿ, ಮತ್ತ ಬಿಸಿಲಿಗೆ ಹಾಕಿ ಬೇಗ ಬೇಳಿ ಮಾಡಿಸಿಬಿಡ್ರಿ. 2019ರಾಗ ಭೌಗೋಳಿಕ ಗುರುತು ಸಿಕ್ಕ ಕಲಬುರಗಿ ತೊಗರಿ ಬೇಳಿ ಅಂತ ಹೆಮ್ಮಿ ಪಡ್ತೀವಿ, ಕಾಣಿಕೆ ಚೀಲಕ್ಕ ಮಾತ್ರ ನುಸಿ ಕಾಳು!

ಸಭೆಯಾಗ ಕಾಣಿಕೆ ಹರಾಜು ಹಾಕೋದಿದ್ದರ ಹಸಿ ತರಕಾರಿ, ತತ್ತಿ, ಕೋಳಿ ಮೊದಲು, ಕಾಳು ಆಮೇಲೆ. ಸವಾಲು ಏರಿಸಿದವರ ಹೆಸರು, ಮೊತ್ತ ಒಂದು ವಹಿಯಾಗ ಬರೆದು ಅಲ್ಲೇ ಸಹಿ ಹಾಕಿಸಿ ಅವತ್ತೇ ರೊಕ್ಕ ತಗೊಳ್ರಿ. ಉಮೇದಿನಾಗ ಕೂಗಿದ್ದು ಈಸ್ಟರ್ ಬಂದರೂ ಬಾಕಿ ಉಳೀತದ, ಆಮೇಲೆ ಕೇಳೋರಿಗೂ ಕೊಡೋರಿಗೂ ಮುಖ ಕೆಡ್ತದ.

ಭಜ್ಜಿಗೆ ಹಸಿ ಕಾಯಿ ಹರಿಯೋ ಮುಂಚೆ ಒಂದು ನೋಡಿಕೊಳ್ರಿ. ಕಾಯಿಕೊರಕ ಕೀಡಿಗೆ ಔಷಧ ಹೊಡೆದು ಎಷ್ಟು ದಿವಸ ಆಯ್ತು? ಕೆಲವಕ್ಕ ಎರಡು ವಾರ, ಕೆಲವಕ್ಕ ನಾಲ್ಕು ವಾರ ಕಾಯಬೇಕು, ಡಬ್ಬಿ ಮ್ಯಾಲಿನ ಚೀಟಿಯಾಗ ಬರೆದಿರ್ತದ. ಡಿಸೆಂಬರ್ ಮೊದಲ ವಾರ ಹೊಡೆದಿದ್ದರ ಆ ಹೊಲದ ಕಾಯಿ ಬ್ಯಾಡ. ತೊಳೆದರ ಹೋಗ್ತದ ಅನ್ನಬ್ಯಾಡ್ರಿ, ಕೆಲವು ಔಷಧ ಗಿಡದ ಒಳಗ ಇಳೀತಾವ. ಹೊಲದಾಗ ಮಕ್ಕಳು ಹಸಿ ಕಡಲಿ ಹರಕೊಂಡು ಹಂಗೇ ತಿಂತಾವ, ಅದಕ್ಕೂ ಇದೇ ಮಾತು.

---

ಕಲಬುರಗಿ_ಕಥೋಲಿಕ:

ನಮ್ಮಲ್ಲಿನ ಪದ್ಧತಿ ಸ್ವಲ್ಪ ಹೇಳುತ್ತೇನೆ, ನಿಮ್ಮ ಬಂಧು ಬಳಗದಲ್ಲಿ ಕಥೋಲಿಕರಿದ್ದರೆ ಅನುಕೂಲ. ರೋಮನ್ ಪೂಜಾಗ್ರಂಥದಲ್ಲಿ ಬಿತ್ತನೆ ಹೊತ್ತಿಗೆ ಬೇರೆ, ಸುಗ್ಗಿ ಆದ ಮೇಲೆ ಬೇರೆ ಬಲಿಪೂಜೆ ಪ್ರಾರ್ಥನೆಗಳಿವೆ. ಆದರೆ ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರಗಳ) ಭಾನುವಾರಗಳಲ್ಲಿ ಅವನ್ನು ಬಳಸಲು ಬರುವುದಿಲ್ಲ. ಹಾಗಾಗಿ ಎಳ್ಳಮಾಸಿ ಕ್ರಿಸ್ಮಸ್‌ಗೆ ಮುಂಚೆ ಬಂದ ವರ್ಷ ಗುರುಗಳ ಹತ್ತಿರ ಹೊಲದ ಆಶೀರ್ವಾದವನ್ನಷ್ಟೇ ಕೇಳಿ, ಸುಗ್ಗಿಯ ಬಲಿಪೂಜೆ ಜನವರಿಯಲ್ಲಿ ಇಟ್ಟುಕೊಳ್ಳುವುದು ಸರಿ. ತೊಗರಿಯೂ ಆಗ ಮನೆಗೆ ಬಂದಿರುತ್ತದೆ. ಕಾಣಿಕೆ ಮೆರವಣಿಗೆಯಲ್ಲಿ ಕಾಳಿನ ಪುಟ್ಟಿ ಒಯ್ಯಬಹುದು, ಬಲಿಪೀಠದ ಮೇಲೆ ಮಾತ್ರ ಇಡುವಂತಿಲ್ಲ. ಅಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಕ್ಕಷ್ಟೇ ಜಾಗ. ಪಕ್ಕದಲ್ಲಿ ಒಂದು ಮಣೆ ಹಾಕಿಸಿ.

ಚರಗದ ಬಗ್ಗೆ ನನ್ನ ಅಭಿಪ್ರಾಯ: ಚೆಲ್ಲಬೇಡಿ, ಚೆಲ್ಲುವವರನ್ನು ತಡೆಯಲೂ ಬೇಡಿ. ಪಕ್ಕದ ಹೊಲದವರಿಗೆ ಅದು ಭೂಮಿತಾಯಿಗೆ ಕೊಡುವ ನೈವೇದ್ಯ, ಪಾಂಡವರ ಐದು ಕಲ್ಲಿನ ಪೂಜೆಯ ಮುಂದುವರಿಕೆ. ಅದರ ಅರ್ಥ ತೆಗೆದುಹಾಕಿ ಬರೀ ಆಚಾರ ಉಳಿಸಿಕೊಂಡರೆ ಅವರಿಗೂ ಗೌರವವಲ್ಲ, ನಮಗೂ ಸಲ್ಲದು. ಅವರು ಕಳಿಸಿದ ಬುತ್ತಿ ಉಣ್ಣುವ ವಿಷಯಕ್ಕೆ 1 ಕೊರಿಂಥ 10, 25ರಿಂದ 31 ಓದಿ ಮನೆಯವರೇ ತೀರ್ಮಾನಿಸಿ. ಒಬ್ಬೊಬ್ಬರ ಮನಸ್ಸಾಕ್ಷಿ ಒಂದೊಂದು ಥರ ಇರುತ್ತದೆ, ಉಣ್ಣದವರನ್ನು ಒತ್ತಾಯಿಸುವುದೂ ಬೇಡ.

---

ಯಾದಗಿರಿ_ಕಣ:

ಚರಗದ ಬದಲಿಗೆ ಮಾಡೋ ಕೆಲಸ ಬೈಬಲ್‌ನಾಗೇ ಅದ ನೋಡ್ರಿ. ಯಾಜಕಕಾಂಡ 19:9-10, ಹೊಲದ ಮೂಲಿ ಪೂರಾ ಕೊಯ್ಯಬ್ಯಾಡ, ಬಿದ್ದದ್ದು ಆರಿಸಬ್ಯಾಡ, ಬಡವರಿಗೆ ಬಿಡು. ಪ್ರಾರ್ಥನಾ ಆದ ಮ್ಯಾಲ ಹಿರಿಯರು ಮಕ್ಕಳನ್ನ ಕರಕೊಂಡು ಹೊಲದ ಒಂದು ಮೂಲಿಗೆ ಹೋಗಿ ನಾಲ್ಕು ಸಾಲಿಗೆ ಗೂಟ ಹೊಡೆದು ದಾರ ಕಟ್ಟಲಿ: ಇಷ್ಟು ನಾವು ಕೊಯ್ಯೋದಿಲ್ಲ. ಯಾರು ಕೊಯ್ಕೋಬೇಕು ಅಂತ ಅವತ್ತೇ ಹೆಸರು ಹೇಳಿ ತಿಳಿಸ್ರಿ, ಗಂಡ ಇಲ್ಲದಾಕಿ, ಹೊಲ ಇಲ್ಲದವರು, ಯಾವ ಧರ್ಮದವರಾದರೂ ಸೈ. ಹೇಳದೆ ಬಿಟ್ಟರ ಎರಡು ದಿವಸಕ್ಕ ದನ ಮೇದು ಹೋಗ್ತಾವ. ಒಣಗಿದ ತಗ್ಗಿನ ಮಡಿನೇ ಬಡವರಿಗಂತ ಬಿಡಬ್ಯಾಡ್ರಿ ಮತ್ತ.

ಇದಕ್ಕಿಂತ ಮುಂಚಿನ ಮಾತು ಕೂಲಿ. ಸೋಯಾ ಕೊಯ್ದವರದು, ಕಳೆ ತೆಗೆದ ಹೆಣ್ಮಕ್ಕಳದು, ಔಷಧ ಹೊಡೆದವರದು ಬಾಕಿ ಇದ್ದರ ಎಳ್ಳಮಾಸಿ ಹಿಂದಿನ ಸಂಜಿ ಒಳಗ ಕೊಟ್ಟು ಮುಗಿಸ್ರಿ. ಯಾಕೋಬ 5:4ರಾಗ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗ್ತದ ಅಂತ ಅದ. ಆ ಕೂಗಿನ ಮುಂದ ನಿಮ್ಮ ಹಾಡು ಕೇಳಿಸೋದಿಲ್ಲ. ಮತ್ತ ಆ 30 ಮಂದಿ ಲೆಕ್ಕದಾಗ ಕೂಲಿಯವರು ಇದ್ದಾರೇನು? ಇಲ್ಲಂದರ ಅಕ್ಕಾರ ಲೆಕ್ಕಕ್ಕ ಇನ್ನೊಂದು ಕಿಲೋ ಹಿಟ್ಟು, ಅರ್ಧ ಕಿಲೋ ಕಾಳು ಕೂಡಿಸ್ರಿ. ಕರೆದು ಪಾತ್ರಿ ತಿಕ್ಕಲಿಕ್ಕೆ ಹಚ್ಚಬ್ಯಾಡ್ರಿ, ಪಂಕ್ತಿಯಾಗ ಕುಂದ್ರಿಸ್ರಿ.

ನಮ್ಮ ಸಭೆಗಳಾಗ ಬಹಳ ಮಂದಿಗೆ ಹೊಲವೇ ಇಲ್ಲ. ಅವರು ಪ್ರಥಮ ಫಲ ಏನು ತರಬೇಕು ಅಂತ ಯಾರೂ ಕೇಳೋದಿಲ್ಲ, ಆ ಭಾನುವಾರ ಹಿಂದಿನ ಸಾಲಿನಾಗ ಖಾಲಿ ಕೈಯಾಗ ಕುಂದ್ರತಾರ. ಅಡಗಿ ಹೊತ್ತಿಗೆ ಒಂದು ಹಿಡಿ ಅಕ್ಕಿ ಆಗಲಿ ಜೋಳ ಆಗಲಿ ಬೇರೆ ಡಬ್ಬಿಗೆ ಹಾಕೋ ಪದ್ಧತಿ ಹಾಕಿಕೊಟ್ಟರ ಚಲೋ. ಹಿಡಿಗೆ 40-50 ಗ್ರಾಂ, ದಿನಕ್ಕ ಎರಡು ಸಲ, ತಿಂಗಳಿಗೆ ಎರಡೂವರೆ-ಮೂರು ಕಿಲೋ ಆಗ್ತದ. ಡಬ್ಬಿ ತಿಂಗಳಿಗೊಮ್ಮೆ ಖಾಲಿ ಮಾಡ್ರಿ, ಇಲ್ಲಂದರ ಹುಳ. ರೇಷನ್ ಅಕ್ಕಿ ಕಾಣಿಕೆಗೆ ಬರೋದಿಲ್ಲ ಅಂತ ಮೂಗು ಮುರಿಯೋ ಹಿರಿಯರು ಕೆಲವರು ಇದ್ದಾರ. ಹೊಲ ಇಲ್ಲದವರು ಉಣ್ಣೋ ಕಾಳು ಅದು, ಅದರಾಗಿಂದೇ ತೆಗೆದದ್ದು, ಮತ್ತೇನು ಬೇಕು?

---

ಕರಿಮಣ್ಣು_ಭಾಲ್ಕಿ:

ಕೂಲಿಯವರನ್ನ ಲೆಕ್ಕಕ್ಕ ಹಿಡಿದಿದ್ದಿಲ್ಲ ಅಣ್ಣಾ. ಆರು ಮಂದಿ ಅದಾರ, 36 ಅಂತ ಬರಕೊಂಡೆ. ಔಷಧ ನವೆಂಬರ್ ಕೊನೀಕ ಹೊಡೆದದ್ದು, ಡಬ್ಬಿ ಹುಡುಕಿ ನೋಡ್ತೀನಿ. ಇನ್ನೊಂದು: ಹೈದರಾಬಾದಿನ ಹುಡುಗರು ಹೊಲದಾಗೇ ಕೋಳಿ ಮಾಡೋಣ ಅಂತಾರ. ನಡೀತದೇನು?

---

ಅಡಗಿಮನಿ_ಹುಮನಾಬಾದ್:

ಲಿಂಗಾಯತರನ್ನ ಊಟಕ್ಕ ಕರೆದು ಅದೇ ಒಲಿ ಮ್ಯಾಲ ಕೋಳಿನಾ? ಬ್ಯಾಡ. ಅವರು ಏನೂ ಅನ್ನೋದಿಲ್ಲ, ನೀರೂ ಕುಡೀದೆ ಎದ್ದು ಹೋಗ್ತಾರ. ಎಳ್ಳಮಾಸಿ ದಿವಸ ಊರಿನ ಯಾರ ಹೊಲದಾಗೂ ಅದು ಇರೋದಿಲ್ಲ. ಹುಡುಗರಿಗೆ ಬೇಕೇ ಬೇಕಂದರ ಮರುದಿವಸ ಮನಿಯಾಗ ಮಾಡಿಹಾಕ್ರಿ. ಮುಸ್ಲಿಮ್ ನೆರೆಯವರನ್ನ ಅದಕ್ಕೂ ಕರೆಯೋದಾದರ ಕೋಳಿ ಅವರ ಕೈಲೇ ಕೊಯ್ಸಿ ತರ್ರಿ.

36 ಮಂದಿಗೆ ಹಿಟ್ಟು ಎಂಟೂವರೆ ಕಿಲೋ, ತೊಗರಿಕಾಳು ಒಂದೂಕಾಲು, ಕಡಲಿ ಹಿಟ್ಟು 480 ಗ್ರಾಂ, ನೀರು ಏಳೂಕಾಲು ಲೀಟರ್, ಅಂಬಲಿ ಏಳು ಲೀಟರ್. ಹುಣಸಿಹಣ್ಣು ಮಾತ್ರ 150ಕ್ಕೇ ನಿಲ್ಲಿಸಿ ರುಚಿ ನೋಡ್ರಿ, ಬೇಕಂದರ ಇಪ್ಪತ್ತು ಮೂವತ್ತು ಗ್ರಾಂ ಏರಿಸ್ರಿ. ಡಬ್ಬಿ ಮ್ಯಾಲ ನಾಲ್ಕು ವಾರ ಅಂತ ಇದ್ದು ದಿವಸ ತುಂಬದಿದ್ದರ ಹಸಿ ತೊಗರಿ ಭಾಲ್ಕಿ ಸಂತಿಯಾಗ ತರಬ್ಯಾಡ್ರಿ, ಅಲ್ಲಿ ಬರೋ ಕಾಯಿಗೆ ಯಾವಾಗ ಹೊಡೆದಾರ ಯಾರಿಗೆ ಗೊತ್ತು. ಮನಿಯಾಗಿನ ಒಣ ಹೆಸರು ಅರ್ಧ ಕಿಲೋ ಮತ್ತ ಒಣ ವಟಾಣಿ ಕಾಲ್ ಕಿಲೋ ಹಿಂದಿನ ರಾತ್ರಿ ನೆನಿ ಹಾಕ್ರಿ, ನೆನೆದ ಮ್ಯಾಲ ಅವು ಎರಡು ಪಟ್ಟು ಆಗ್ತಾವ. ವಟಾಣಿ ಮೊದಲು ಬೇಯಿಸ್ರಿ, ಹೆಸರು ಹದಿನೈದು ನಿಮಿಷ ಬಿಟ್ಟು ಹಾಕ್ರಿ, ಇಲ್ಲಂದರ ಹೆಸರು ಕರಗಿ ಸಾರಾಗ್ತದ.